ಮುಳ್ಳಿನ ಕೆಳಗಿನ ಮಸಿ

ಜೂನ್ 14, ಶನಿವಾರ

ಪಾಲಿಟೆಕ್ನಿಕ್ ಮೇಷ್ಟ್ರು ಕೊನೆಗೂ ಆವೊಮೀಟರ್ ತಂದಿಟ್ಟು ಹೋದರು, ಮುಳ್ಳಿನ ಹಳೇ ಮಲ್ಟಿಮೀಟರ್. ಮಾಡೆಲ್ 8. ಚರ್ಮದ ಹಿಡಿ ಹರಿದಿದೆ. ಬೇಕಲೈಟ್ ಪೆಟ್ಟಿಗೆಗೆ ಏನೂ ಆಗಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಕಂಡೆಮ್ ಆಗಿರುವ ಮಾಲು. ಲ್ಯಾಬಿನ ಗಾಜಿನ ಬೀರುವಿನಲ್ಲಿ ಇಡುತ್ತಾರಂತೆ.

"ಡಯಲ್ ಒಂದು ಹೊಸದು ಮಾಡಿಕೊಟ್ಟುಬಿಡಿ ಸಾರ್. ಹುಡುಗರಿಗೆ ಎದ್ದು ಕಾಣಬೇಕು."

ಸಂಜೆ ದೀಪದ ಕೆಳಗಿಟ್ಟು ನೋಡಿದೆ. ಎಡಗಡೆ, ಓಮ್ಸ್ ಸ್ಕೇಲಿನ ಕೊನೆಯಲ್ಲಿ ಕಂದು ಕಲೆ. ಯಾವುದೋ ಮಳೆಗಾಲದಲ್ಲಿ ನೀರು ಇಳಿದಿದೆ. 40ರ ನಾಲ್ಕು ಅರ್ಧ ಹೋಗಿದೆ, 70ರ ಏಳು ಇಲ್ಲವೇ ಇಲ್ಲ. ಸಣ್ಣ ಗೀಟುಗಳು ಅಲ್ಲಲ್ಲಿ ಬಣ್ಣದ ಸಮೇತ ಎದ್ದುಹೋಗಿವೆ. ಕನ್ನಡಿ ಪಟ್ಟಿಯ ಅಂಚು ಕಪ್ಪಾಗಿದೆ. ಮುಳ್ಳು ಮಾತ್ರ ನೆಟ್ಟಗಿದೆ. ಪೆಟ್ಟಿಗೆ ಸ್ವಲ್ಪ ಅಲ್ಲಾಡಿಸಿದರೆ ಸಲೀಸಾಗಿ ಆಡುತ್ತದೆ.

ಬಿಚ್ಚಲಿಲ್ಲ. ಬಟ್ಟೆ ಮುಚ್ಚಿಟ್ಟೆ.

ಜೂನ್ 15, ಭಾನುವಾರ

"ಎಷ್ಟು ಹಳೇದು ಇದು?" ಅಂತ ಹೆಂಡತಿ ಕೇಳಿದಳು. ಈ ಮಾಡೆಲ್ ಶುರುವಾದದ್ದು 1951ರಲ್ಲಿ, 2008ರವರೆಗೂ ಮಾಡುತ್ತಲೇ ಇದ್ದರು ಅಂದೆ. ನಂಬಲಿಲ್ಲ. ಟಿವಿ ಐದು ವರ್ಷ ಬರುವುದಿಲ್ಲ, ಇದು ಹೇಗೆ ಅಷ್ಟು ವರ್ಷ ಬಂತು ಅಂತ. ಮೊದಲ ಆವೊ 1923ರದ್ದು ಅಂದಾಗ ನಕ್ಕಳು. ಬ್ರಿಟನ್ನಿನ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿಗೆ ಟೆಲಿಫೋನ್ ಲೈನ್ ನೋಡಲು ಕರೆಂಟಿಗೊಂದು, ವೋಲ್ಟಿಗೊಂದು, ರೆಸಿಸ್ಟೆನ್ಸಿಗೊಂದು ಮೀಟರ್ ಹೊತ್ತು ಸಾಕಾಗಿತ್ತು. ಮೂರನ್ನೂ ಒಂದೇ ಪೆಟ್ಟಿಗೆಗೆ ತಂದ.

"ಸೋಮಾರಿ ಅನ್ನಿ" ಅಂದಳು. ಇರಬಹುದು.

ರಾತ್ರಿ 9.30. ಬಿಚ್ಚಿದೆ. ಮೊದಲು ಟರ್ಮಿನಲ್ ಎರಡನ್ನೂ ವೈರಿನಿಂದ ಶಾರ್ಟ್ ಮಾಡಿದೆ. ಹಾಗೆ ಮಾಡಿದರೆ ಕಾಯಿಲ್ ಅಲುಗಿದಾಗ ಹುಟ್ಟುವ ಕರೆಂಟೇ ಅದನ್ನು ತಡೆಯುತ್ತದೆ, ಮುಳ್ಳು ಹುಚ್ಚು ಹುಚ್ಚಾಗಿ ಹಾರಾಡುವುದಿಲ್ಲ. ಡಯಲಿನ ಸ್ಕ್ರೂ ಬಿಡಿಸಿ ತಗಡನ್ನು ಮುಳ್ಳಿನ ಅಡಿಯಿಂದ ಪಕ್ಕಕ್ಕೆ ಜಾರಿಸಬೇಕು. ಮೇಲಕ್ಕೆ ಎತ್ತುವ ಹಾಗಿಲ್ಲ. ಮುಳ್ಳಿಗೂ ತಗಡಿಗೂ ನಡುವೆ ಇರುವುದು ಒಂದು ವಿಸಿಟಿಂಗ್ ಕಾರ್ಡಿನಷ್ಟು ಜಾಗ. ಉಸಿರು ಬಿಗಿಹಿಡಿದು ಮಾಡಿದೆ. ಕೈ ನಡುಗಲಿಲ್ಲ. ಮುಗಿದ ಮೇಲೆ ನಡುಗಿತು.

ಡಯಲ್ ಇಲ್ಲದ ಮೀಟರ್ ನೋಡಲಾಗುವುದಿಲ್ಲ. ಮುಳ್ಳು ಯಾವುದರ ಕಡೆಗೂ ತೋರಿಸುತ್ತಿಲ್ಲ.

ಜೂನ್ 17, ಮಂಗಳವಾರ

ತೆರೆದ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದರೆ ಕತೆ ಮುಗಿಯಿತು. ಕಾಯಿಲ್ ತಿರುಗುವ ಸಂದಿನಲ್ಲಿ ಒಂದು ಚೂರು ಸಿಕ್ಕರೆ ಮುಳ್ಳು ಅಲ್ಲೇ ತಡೆದು ನಿಲ್ಲುತ್ತದೆ. ಮುಳ್ಳು, ಕಾಯಿಲ್, ಅಯಸ್ಕಾಂತ ಸೇರಿದ ಮೂವ್‌ಮೆಂಟನ್ನು ಸ್ಟೀಲ್ ಡಬ್ಬಿಯಲ್ಲಿ ಇಡುವ ಹಾಗೂ ಇಲ್ಲ. ಗಾಜಿನ ಉಪ್ಪಿನಕಾಯಿ ಭರಣಿ ತೊಳೆದು ಒಣಗಿಸಿ ಬೋರಲು ಹಾಕಿದೆ. ಭರಣಿ ಕೇಳಲು ಬಂದವಳು ಒಳಗೇನಿದೆ ನೋಡಿ ಏನೂ ಅನ್ನದೆ ಹೋದಳು.

ಡಯಲ್ ಒರೆಸುವ ಮುಂಚೆ ಪರೀಕ್ಷೆ. ಗಾಜಿನ ಚೌಕಟ್ಟಿನಡಿ ಮರೆಯಾಗುವ ಮೂಲೆಯಲ್ಲಿ ಒಂದು ಗೀಟಿನ ತುದಿ. ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿ: ಧೂಳು ಬಂತು, ಮಸಿ ಬರಲಿಲ್ಲ. ಸ್ಪಿರಿಟ್: ಒಂದೇ ಸಲಕ್ಕೆ ಹತ್ತಿ ಕಪ್ಪಾಯಿತು. ಸ್ಪಿರಿಟ್ ಬಾಟಲಿ ಮುಚ್ಚಿ ಬೀರು ಸೇರಿಸಿದೆ.

ಎಷ್ಟೋ ಡಯಲ್ ಹಾಳಾಗುವುದು ತೇವದಿಂದಲ್ಲ, ಒರೆಸುವವರಿಂದ. ಸೊನ್ನೆಯ ಸುತ್ತ ಬೆಳ್ಳಗೆ ಬೋಳಾಗಿರುವ ಮೀಟರುಗಳನ್ನು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಎಷ್ಟು ನೋಡಿಲ್ಲ. ಪಳಪಳ ಅನ್ನಿಸಿ ಮಾರುವ ಆಸೆ.

ನೀರಿನಲ್ಲೇ ಉಗುರಿನಷ್ಟಗಲ ಉಗುರಿನಷ್ಟಗಲ ಮಾಡುತ್ತಾ ಹೋದೆ. ಮಧ್ಯಾಹ್ನ ಪೂರ್ತಿ. ಕಂದು ಕಲೆ ತೆಳುವಾಯಿತು, ಹೋಗಲಿಲ್ಲ. ಅದು ಬಣ್ಣದ ಮೇಲಿಲ್ಲ, ಬಣ್ಣದೊಳಗಿದೆ.

ಜೂನ್ 20, ಶುಕ್ರವಾರ

ಮೊಮ್ಮಗಳು ಬಂದಳು. ನಾನು ಫೋನಿನಲ್ಲಿ ಫೋಟೋ ತೆಗೆಯಲು ಹೊರಟಿದ್ದೆ. "ಬೇಡ ತಾತ, ಲೆನ್ಸು ಅಂಚಿನ ಗೆರೆನೆಲ್ಲಾ ಬಗ್ಗಿಸತ್ತೆ" ಅಂತ ಸ್ಕ್ಯಾನರಿನ ಮೇಲೆ ಮಲಗಿಸಿದಳು. 600 ಡಿಪಿಐ. ಪಕ್ಕದಲ್ಲಿ ನನ್ನ ಸ್ಟೀಲ್ ಸ್ಕೇಲು, ಅಳತೆಗೆ. ಚೆನ್ನಾಗಿ ತಿಳಿದುಕೊಂಡಿದ್ದಾಳೆ.

ಕಂಪ್ಯೂಟರಿನಲ್ಲಿ ಸ್ಕ್ಯಾನನ್ನು ಕೆಳಗಿಟ್ಟು ಅದರ ಮೇಲೆ ಹೊಸ ಗೀಟು ಎಳೆಯುತ್ತಾ ಹೋದಳು. ನನ್ನ ಕಾಲದಲ್ಲಿ ಟ್ರೇಸಿಂಗ್ ಪೇಪರ್ ಮಾಡುತ್ತಿದ್ದ ಕೆಲಸ. ಕಮಾನು ಒಂದು, ಕೇಂದ್ರ ಒಂದು, ನೂರು ಭಾಗ ಅಂತ ಬರೆದರೆ ನೂರು ಗೀಟೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾಜರ್.

ಓಮ್ಸ್ ಸ್ಕೇಲಿಗೆ ಬಂದಾಗ ನಿಂತಳು. "ಇದ್ಯಾಕೆ ತಾತ, ಉಲ್ಟಾ ಇದೆ? ಬಲಗಡೆ ಸೊನ್ನೆ. ಎಡಗಡೆ ಎಲ್ಲಾ ಒತ್ತೊತ್ತಾಗಿದೆ."

ಕಾಗದದ ಮೇಲೆ ಬರೆದು ತೋರಿಸಿದೆ. ಒಳಗೆ ಸೆಲ್ ಒಂದು, ರೆಸಿಸ್ಟೆನ್ಸ್ ಒಂದು. ಹೊರಗೆ ಏನೂ ಇಲ್ಲದೆ ಎರಡೂ ಪ್ರೋಬ್ ಕಡ್ಡಿ ಕೂಡಿಸಿದರೆ ಪೂರ್ತಿ ಕರೆಂಟು, ಮುಳ್ಳು ಬಲತುದಿಗೆ: ಸೊನ್ನೆ ಓಮ್. ಒಳಗಿರುವಷ್ಟೇ ರೆಸಿಸ್ಟೆನ್ಸ್ ಹೊರಗೂ ಸೇರಿಸಿದರೆ ಅರ್ಧ. ಎರಡರಷ್ಟು ಸೇರಿಸಿದರೆ ಮೂರನೇ ಒಂದು. ಮೂರರಷ್ಟಕ್ಕೆ ಕಾಲು. ಒಂಬತ್ತರಷ್ಟು ಸೇರಿಸಿದರೂ ಹತ್ತನೇ ಒಂದು ಭಾಗ ಇನ್ನೂ ಉಳಿದಿರುತ್ತದೆ. ಮಿಕ್ಕ ಲೋಕವೆಲ್ಲ, ಇನ್ಫಿನಿಟಿಯವರೆಗೂ, ಆ ಹತ್ತನೇ ಒಂದರಲ್ಲಿ ತುರುಕಿಕೊಳ್ಳಬೇಕು.

"ಅಯ್ಯೋ, ಪಾಪ" ಅಂದಳು ಇನ್ಫಿನಿಟಿಗೆ.

ಅವಳು ಹೋದ ಮೇಲೂ ಅದೇ ನೆನೆಸಿಕೊಂಡು ನಗುತ್ತಿದ್ದೆ.

ಜೂನ್ 22, ಭಾನುವಾರ

ಹಳೆಯ ಸಹೋದ್ಯೋಗಿ ರಾಯರು ಸಂಡೇ ಬಜಾರಿನಿಂದ ನೇರ ಮನೆಗೆ. ಕೈಚೀಲದಲ್ಲಿ ವಿಮಾನದ್ದು ಅನ್ನಿಸುವ ಒಂದು ಗುಂಡು ಮೀಟರ್. ಕಪ್ಪು ಮುಖ, ಅಂಕಿಗಳು ಮಾಸಿದ ಕಂದು-ಹಳದಿ, ಉಬ್ಬಿಕೊಂಡು ಬಿರುಕು ಬಿಟ್ಟಿವೆ. "ಇದಕ್ಕೂ ಹೊಸ ಡಯಲ್ ಹಾಕಪ್ಪಾ."

ಕತ್ತಲಲ್ಲಿ ಹೊಳೆಯುತ್ತದೋ ಅಂತ ಕೇಳಿದೆ. ಇಲ್ಲ, ಸತ್ತಿದೆ ಅಂದರು.

ಸತ್ತಿರುವುದು ಹೊಳೆಯುವ ಜಿಂಕ್ ಸಲ್ಫೈಡ್. ಅದನ್ನು ಹೊಳೆಸುತ್ತಿದ್ದ ರೇಡಿಯಂ ಸತ್ತಿರುವುದಿಲ್ಲ. ಅರ್ಧ ಕರಗಲಿಕ್ಕೇ ಅದಕ್ಕೆ 1,600 ವರ್ಷ ಬೇಕು. ಬಿರುಕು ಬಿಟ್ಟ ಬಣ್ಣ ಪುಡಿಯಾಗಿ ಮೂಗಿಗೆ ಹೋದರೆ ಮುಗಿಯಿತು. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿ ಬರೆಯುತ್ತಿದ್ದ ಹುಡುಗಿಯರಿಗೆ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿ ಅಂತ ಹೇಳಿಕೊಟ್ಟಿದ್ದರು. ಹಲವರು ದವಡೆ ಮೂಳೆ ಕೊಳೆತು ಸತ್ತರು.

ಇದನ್ನು ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ, ಗಾಜು ಒಡೆಯದ ಹಾಗೆ ಕಟ್ಟಿಡಿ, ಮಕ್ಕಳಿರುವ ಕೋಣೆಯಲ್ಲಿ ಬೇಡ ಅಂದೆ. ರಾಯರ ಮುಖ ಸಣ್ಣದಾಯಿತು. ದುಡ್ಡು ಕೊಟ್ಟಿದ್ದಾರೆ ಪಾಪ. ಕಾಫಿ ಕುಡಿಯುವಾಗಲೂ ಕೈಚೀಲವನ್ನು ಕಾಲ ಬಳಿಯಿಂದ ದೂರ ಸರಿಸುತ್ತಲೇ ಇದ್ದರು.

ಜೂನ್ 26, ಗುರುವಾರ

ಪ್ರಿಂಟ್ ತರಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ಲಗ್ನಪತ್ರಿಕೆಗಳ ನಡುವೆ ನನ್ನದೊಂದು ಡಯಲ್. ಅಂಗಡಿ ಹುಡುಗ "ಯಾವ ಫಂಕ್ಷನ್ ಸಾರ್?" ಅಂದ.

ಮೊದಲನೆಯದು ಅಳತೆಗೆ ದೊಡ್ಡದಾಗಿ ಬಂತು. ಕಂಪ್ಯೂಟರ್ ತಾನೇ ಹಾಳೆಗೆ ಹೊಂದುವಂತೆ ಹಿಗ್ಗಿಸಿದೆ. ಸ್ಟೀಲ್ ಸ್ಕೇಲ್ ಇಟ್ಟು ತೋರಿಸಿದೆ. "ಒಂದು ಎಂಎಂ ಅಲ್ವಾ ಸಾರ್" ಅಂದ.

ಬಸ್ಸಿನಲ್ಲಿ ಆ ಒಂದು ಎಂಎಂ ಲೆಕ್ಕ ಹಾಕಿದೆ. ಮುಳ್ಳಿನ ಉದ್ದ ಸುಮಾರು 80 ಮಿ.ಮೀ. ಡಯಲಿನ ಕಮಾನಿನ ಕೇಂದ್ರ ಕಾಯಿಲಿನ ಅಚ್ಚಿನಿಂದ ಬರೀ ಅರ್ಧ ಮಿ.ಮೀ. ಸರಿದರೆ ಸಾಕು, ಮುಳ್ಳು ಸುಮಾರು 0.36 ಡಿಗ್ರಿ ತಪ್ಪು ತೋರಿಸುತ್ತದೆ. ತೊಂಬತ್ತು ಡಿಗ್ರಿಯಲ್ಲಿ ನೂರು ಭಾಗ ಅಂದರೆ 0.4 ಭಾಗ. ನೂರಕ್ಕೆ ಒಂದೆರಡರ ಖಾತ್ರಿಯಲ್ಲಿ ಓದುವ ಮೀಟರಿಗೆ ಇದು ಸಣ್ಣದಲ್ಲ.

ಲಗ್ನಪತ್ರಿಕೆಗೆ ಸಣ್ಣದು. ಹುಡುಗನದ್ದೂ ಸರಿಯೇ.

ಮನೆಗೆ ಬರುವಷ್ಟರಲ್ಲಿ ಮಳೆ. ಕಾಗದ ತೇವ ಕುಡಿದು ಒಂದು ಕಡೆಗೆ ಜಾಸ್ತಿ ಹಿಗ್ಗಿದೆ. ನಾರು ಓಡುವ ದಿಕ್ಕಿಗೆ ಅಡ್ಡಲಾಗಿ. ಡಿಸೆಂಬರಿನಲ್ಲಿ ಇದೇ ಕಾಗದ ಕುಗ್ಗುತ್ತದೆ. ಹಾಗಾದರೆ ಯಾವ ತಿಂಗಳ ಡಯಲ್ ಇದು? ತಗಡಿಗೆ ಅಂಟಿಸಿದ ಮೇಲೆ ಅಷ್ಟು ಆಡುವುದಿಲ್ಲ ಅಂತ ಸಮಾಧಾನ ಹೇಳಿಕೊಂಡೆ.

ಜೂನ್ 28, ಶನಿವಾರ

ಬೇರೆ ತಗಡಿನ ಮೇಲೆ ತೆಳು ಪ್ರಿಂಟ್ ಅಂಟಿಸಿ ಮೀಟರಿಗೆ ಜಾರಿಸಿದೆ. ನೋಡಲು, ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿದೆ. ಕರಿ ಕರಿಯಾಗಿದೆ, ಬಿಳಿ ಬಿಳಿಯಾಗಿದೆ. ಇವಳೂ ಬಂದು ನೋಡಿ "ಈಗ ಬಂತು ಕಳೆ" ಅಂದಳು.

ಕೇಂದ್ರ ಸರಿಮಾಡಿದೆ. ಪವರ್ ಸಪ್ಲೈ, ಪಕ್ಕದಲ್ಲಿ ಬೆಂಚಿನ ಡಿಜಿಟಲ್ ಮೀಟರ್. 10 ವೋಲ್ಟ್ ರೇಂಜ್. ಒಂದು ಕಣ್ಣು ಮುಚ್ಚಿ, ಮುಳ್ಳು ಕನ್ನಡಿಯಲ್ಲಿನ ತನ್ನ ಬಿಂಬವನ್ನು ತಾನೇ ಮುಚ್ಚುವವರೆಗೆ ತಲೆ ಸರಿಸಿ, ಓದು.

ಹೊಸ ಡಯಲ್: 2ಕ್ಕೆ 19.6. 5ಕ್ಕೆ 50.7. 8ಕ್ಕೆ 80.5. 10ಕ್ಕೆ 100.
ಹಳೆಯ ಡಯಲ್: 2ಕ್ಕೆ 20. 5ಕ್ಕೆ 50.1. 8ಕ್ಕೆ 79.9. 10ಕ್ಕೆ 100.

ಅದಲು ಬದಲು ಮಾಡಿ ಮತ್ತೆ ನೋಡಿದೆ. ಅದೇ.

ಡಿವೈಡರ್ ತೆಗೆದು ಹಳೆಯ ಡಯಲಿನ ಮೇಲೆ ನಡೆಸಿದೆ. 40ರಿಂದ 50, 50ರಿಂದ 60: ಈ ಎರಡು ಮನೆಗಳು ತುದಿಯ ಮನೆಗಳಿಗಿಂತ ಒಂದು ಕೂದಲು ಅಗಲ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅಯಸ್ಕಾಂತದ ಸಂದಿನಲ್ಲಿ ಬಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ತುದಿಗಳಲ್ಲಿ ಸಡಿಲವಾಗುತ್ತದೆ. ಮುಳ್ಳು ನಡೆಯುವ ಹಾಗೆ ಗೀಟು ಹಾಕಿದ್ದಾರೆ. ಮೊಮ್ಮಗಳು ನೂರು ಸಮಭಾಗ ಮಾಡಿದ್ದಾಳೆ.

ಫೋನ್ ಮಾಡಿದೆ. "ಅದು ಸ್ಕ್ಯಾನ್‌ನಲ್ಲಿ ಸೊಟ್ಟ ಬಂದಿದೆ ಅಂದ್ಕೊಂಡು ಸರಿಮಾಡಿದೆ ತಾತ" ಅಂದಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ರಾತ್ರಿ. ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಕ್ಯಾಲಿಬ್ರೇಷನ್ ಸೆಕ್ಷನ್ನಿನ ಹಿರಿಯರು ನೆನಪಾದರು. ಸ್ಟ್ಯಾಂಡರ್ಡ್ ಮೀಟರಿನ ಡಯಲ್ ಹಾಳಾದರೆ ಬಿಳಿ ಡಯಲ್ ಹಾಕುತ್ತಿದ್ದರು, ಏನೂ ಬರೆಯದ್ದು. ಪೊಟೆನ್ಷಿಯೊಮೀಟರಿಗೆ ಹೋಲಿಸಿ ಹತ್ತು, ಇಪ್ಪತ್ತು, ಮೂವತ್ತು ಕೊಡುತ್ತಾ ಹೋಗಿ, ಮುಳ್ಳು ನಿಂತಲ್ಲಿ ಗಟ್ಟಿ ಪೆನ್ಸಿಲಿನ ಚುಕ್ಕೆ. ಆಮೇಲೆ ಡಯಲ್ ಹೊರತೆಗೆದು ಚುಕ್ಕೆ-ಚುಕ್ಕೆಯ ನಡುವೆ ಭಾಗ ಮಾಡಿ ಇಂಡಿಯನ್ ಇಂಕಿನಲ್ಲಿ ಗೀಟು. ಒಂದು ಮೀಟರಿನ ಡಯಲ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಗಾಳಿಗೆ ಮುಳ್ಳು ಅಲುಗುತ್ತದೆ ಅಂತ ಆ ಹೊತ್ತು ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಏಪ್ರಿಲ್ ಆದರೂ ಸರಿ. ನಾವು ಬೆವರು ಒರೆಸಿಕೊಳ್ಳುತ್ತಾ ಬೈದುಕೊಳ್ಳುತ್ತಿದ್ದೆವು.

ಈ ಆವೊದ ಗೀಟುಗಳು ಅಚ್ಚಿನವು, ಕೈಯವಲ್ಲ. ಆದರೂ ಆ ಅಚ್ಚಿಗೆ ಮೊದಲು ಯಾರೋ ಒಬ್ಬ ಫ್ಯಾನ್ ಆರಿಸಿ ಕೂತಿರಬೇಕು.

ಜುಲೈ 1, ಮಂಗಳವಾರ

ಹಳೆಯ ಡಯಲನ್ನೇ ಉಳಿಸಿಕೊಳ್ಳುವುದು ಅಂತ ಆದರೆ ಬಣ್ಣ ಎದ್ದ ಕಡೆ ತೇಪೆ ಹಾಕಬೇಕು. ಬಿಳಿ ಪೋಸ್ಟರ್ ಬಣ್ಣ, ಒಂದಿಷ್ಟು ಯೆಲ್ಲೊ ಆಕರ್, ಸೂಜಿ ತುದಿಯಷ್ಟು ಕಪ್ಪು. ಅಂಗಡಿಯ ಬಿಳಿ ಹಾಕಿದರೆ ಬೆಳಗಾಗೆದ್ದು ಕಣ್ಣಿಗೆ ಹೊಡೆಯುತ್ತದೆ.

ತೊಂದರೆ ಬಣ್ಣದ್ದಲ್ಲ. ಬಲಗಣ್ಣಿಗೆ ಹೋದ ವರ್ಷ ಪೊರೆ ತೆಗೆಸಿದ್ದು, ಎಡಗಣ್ಣಿಗೆ ಇನ್ನೂ ಇದೆ. ಎಡಗಣ್ಣಿನಲ್ಲಿ ತೇಪೆ ಡಯಲಿನೊಳಗೆ ಸೇರಿಹೋಗಿದೆ. ಬಲಗಣ್ಣಿನಲ್ಲಿ ನೋಡಿದರೆ ಬೇರೆಯಾಗಿ ಹಳದಿ ಹಳದಿ. ಪೊರೆ ಬಂದ ಕಣ್ಣು ಎಲ್ಲವನ್ನೂ ಹಳದಿ ಮಾಡಿ ತೋರಿಸುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಆಪರೇಷನ್ ಆದ ಮಾರನೇ ದಿನ ಮನೆಯ ಗೋಡೆ ನೀಲಿ ಅನ್ನಿಸಿತ್ತು. ಸುಣ್ಣ ಹೊಡೆಸಿದ್ದು ಯಾವಾಗ ಅಂತ ಕೇಳಿದ್ದೆ.

ಹಾಗಾದರೆ ಇಷ್ಟು ವರ್ಷ ನಾನು ಬಣ್ಣ ಹೊಂದಿಸಿ ಕೊಟ್ಟ ಡಯಲುಗಳು?

ಇವಳನ್ನು ಕರೆದೆ. ಮೂರು ಬಗೆ ಮಾಡಿ ಕಾಗದದ ಮೇಲೆ ಇಟ್ಟಿದ್ದೆ. ನಡುವಿನದನ್ನು ಮುಟ್ಟಿ "ಇದು ಕೆನೆ. ಆಚೆಯದು ತುಪ್ಪ. ಈಚೆಯದು ನೀರು ಹಾಲು" ಅಂದಳು. ಅರ್ಧ ನಿಮಿಷ ಹಿಡಿಯಲಿಲ್ಲ. ಕೆನೆಯೇ ಇರಲಿ.

ಜುಲೈ 3, ಬೆಳಗಿನ ಜಾವ 3.10

ನಿದ್ದೆ ಇಲ್ಲ. ಮೇಷ್ಟ್ರು ಕೇಳಿದ್ದು ಹೊಸ ಡಯಲ್. ಬೀರುವಿನೊಳಗಿನ ಮೀಟರನ್ನು ಯಾರು ಕಡ್ಡಿ ಇಟ್ಟು ಅಳೆಯುತ್ತಾರೆ? ಹತ್ತು ಅಡಿ ದೂರದಿಂದ ಹುಡುಗರು ನೋಡಬೇಕಾದರೆ ಪ್ರಿಂಟೇ ವಾಸಿ. 50.7 ಆದರೆ ಯಾರಪ್ಪನ ಗಂಟು ಹೋಯಿತು?

ನನ್ನದು ಹಟವೋ ಏನೋ. ಅವರ ಮೀಟರ್ ಇಟ್ಟುಕೊಂಡು ನನ್ನ ಹಟ ಸಾಧಿಸುತ್ತಿದ್ದೇನೆಯೇ?

ಮೊಮ್ಮಗಳಿಗೆ ಹಳೆಯ ಅಂತರಗಳನ್ನೇ ಇಟ್ಟು ಮತ್ತೆ ಬರೆ ಅನ್ನಬಹುದು. ಆಗ ಪ್ರಿಂಟೂ ಸರಿಯಾಗಿ ಓದುತ್ತದೆ. ಆಮೇಲೆ ನನ್ನ ಹತ್ತಿರ ಯಾವ ನೆಪ ಉಳಿಯುತ್ತದೆ?

ಬೆಳಿಗ್ಗೆ ಹೇಳಿದೆ. ಇನ್ನೆರಡು ದಿನದಲ್ಲಿ ಮಾಡುತ್ತೇನೆ ಅಂದಳು.

ಜುಲೈ 5, ಶನಿವಾರ

ಏಳು ಬರೆದೆ.

ಇಡೀ ದಿನ ಒಂದು ಏಳು, ಅರ್ಧ ನಾಲ್ಕು. ಹಳೆಯ ಲೆಟ್ರಾಸೆಟ್ ಹಾಳೆ ಒಂದಿತ್ತು, ಮೇಲಿಂದ ಉಜ್ಜಿದರೆ ಅಕ್ಷರ ಕೆಳಗೆ ಕೂರುವಂಥದ್ದು. ಅಂಟು ಒಣಗಿ ಅಂಕಿ ಚೂರು ಚೂರಾಗಿ ಉದುರಿತು. ರಾಟ್‌ರಿಂಗ್ ಪೆನ್ನಿನ ಮಸಿ ಚೆನ್ನಾಗಿ ಕೂರುತ್ತದೆ, ಆದರೆ ಒಣಗಿದ ಮೇಲೆ ನೀರಿಗೆ ಬರುವುದಿಲ್ಲ. ಬೇಡ ಅನ್ನಿಸಿತು. ನನ್ನ ಏಳು ಇಷ್ಟವಾಗದ ಯಾರೋ ಮುಂದೆ ಒದ್ದೆ ಹತ್ತಿಯಲ್ಲಿ ಅದನ್ನು ಅಳಿಸುವಂತಿರಬೇಕು, ಕೆಳಗಿನ ಮೂಲ ಮಸಿಗೆ ಏನೂ ಆಗದ ಹಾಗೆ. ಕೊನೆಗೆ ಕರಿ ಪೋಸ್ಟರ್ ಬಣ್ಣ, ಸೊನ್ನೆ ನಂಬರ್ ಕುಂಚದಲ್ಲಿ ನಾಲ್ಕಾರು ಕೂದಲು ಬಿಟ್ಟು ಮಿಕ್ಕದ್ದು ಕತ್ತರಿಸಿ.

ಏಳಿಗೆ ಮಾದರಿ ಬೇಕಲ್ಲ. ಕೆಳಗಿನ ಸ್ಕೇಲಿನ 175ರ ಏಳನ್ನು ಸ್ಕ್ಯಾನಿನಲ್ಲಿ ದೊಡ್ಡದು ಮಾಡಿ ಪಕ್ಕಕ್ಕಿಟ್ಟುಕೊಂಡೆ. ಅದರ ಕಾಲು ಸ್ವಲ್ಪ ಬಾಗಿದೆ. ನನ್ನದು ನೆಟ್ಟಗೆ ಬರುತ್ತಿತ್ತು. ಒರೆಸು, ಬರೆ, ಒರೆಸು.

ಭೂತಗನ್ನಡಿ ತೆಗೆದರೆ ಗೊತ್ತಾಗುವುದಿಲ್ಲ. ಹಾಕಿದರೆ ನನಗೆ ಅದೊಂದೇ ಕಾಣುತ್ತದೆ.

ಜುಲೈ 6, ಭಾನುವಾರ

ಮಳೆ. ಕರೆಂಟ್ ಇಲ್ಲ. ಬಣ್ಣ ಒಣಗಲಿ. ರಾಯರ ಫೋನ್: ಆ ಮೀಟರನ್ನು ಡಬ್ಬಿಯೊಳಗೆ ಡಬ್ಬಿ ಹಾಕಿ ಕಟ್ಟಿದ್ದಾರಂತೆ, ಯಾರಿಗೆ ಒಪ್ಪಿಸಬೇಕು ಅಂತ ವಿಚಾರಿಸುತ್ತಿದ್ದಾರೆ. ಹೆಂಡತಿಗೆ ಹೇಳಿಲ್ಲವಂತೆ.

ಜುಲೈ 8, ಮಂಗಳವಾರ

ಓಮ್ಸ್ ಸ್ಕೇಲಿನ ಹೋದ ಗೀಟುಗಳು. ಇವನ್ನು ಕಣ್ಣಂದಾಜಿನಲ್ಲಿ ಹಾಕುವ ಹಾಗಿಲ್ಲ, ಪಕ್ಕದ ಎರಡರ ಮಧ್ಯಕ್ಕೆ ಹಾಕಿದರೆ ತಪ್ಪು. ಅಲ್ಲಿ ಯಾವ ಗೀಟೂ ಯಾವುದರ ಮಧ್ಯದಲ್ಲೂ ಇರುವುದಿಲ್ಲ. ಲೆಕ್ಕ ಮಾಡಿ ಜಾಗ ಗುರುತಿಸಿದೆ. ಆಮೇಲೆ ಡಯಲ್ ಕೂರಿಸಿ, ಡಿಕೇಡ್ ಬಾಕ್ಸಿನಲ್ಲಿ ಅಷ್ಟೇ ರೆಸಿಸ್ಟೆನ್ಸ್ ಇಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿದೆ. ಲೆಕ್ಕವೂ ಮುಳ್ಳೂ ಒಂದೇ ಮಾತು ಹೇಳಿದವು. ಹಿರಿಯರ ಹಾಗೆ ಗಟ್ಟಿ ಪೆನ್ಸಿಲಿನ ಚುಕ್ಕೆ. ಫ್ಯಾನ್ ಆರಿಸಿದ್ದೆ.

"ಸೆಖೆ ಆಗಲ್ವೇನ್ರೀ?" ಅಂದಳು ಒಳಗಿನಿಂದ. ಜುಲೈನಲ್ಲಿ ಎಲ್ಲಿಯ ಸೆಖೆ.

ಕಂದು ಕಲೆ ಹಾಗೇ ಬಿಟ್ಟೆ. ಅದರ ಮೇಲೆ ಅಂಕಿ ಓದಬಹುದು. ಓದಲು ಬಂದರೆ ಮುಟ್ಟಬಾರದು.

ಜುಲೈ 10, ಗುರುವಾರ

ಕೂಡಿಸಿದೆ. ಗಾಜು ಒರೆಸಿ ಮುಚ್ಚುವ ಮುಂಚೆ ಒಳಗೆ ಒಂದು ಹತ್ತಿಯ ಎಳೆ ಕಂಡಿತು, ಮುಳ್ಳಿಗೆ ಬೆರಳಗಲ ದೂರ. ಚಿಮಟದಲ್ಲಿ ತೆಗೆದೆ. ಇಷ್ಟು ಹೊತ್ತಿಗೆ ಮುಚ್ಚಿಬಿಟ್ಟಿದ್ದರೆ ಅಂತ ಎದೆ ಧಸಕ್ಕೆಂದಿತು.

ಮೊಮ್ಮಗಳ ಎರಡನೇ ಪ್ರಿಂಟ್ ಬಂದಿದೆ. ಹಳೆಯ ಅಂತರಗಳೇ. 5ಕ್ಕೆ 50.1 ಓದುತ್ತದೆ, ಹಳೆಯದರಷ್ಟೇ. ನೆಪ ಹೋಯಿತು. ಆದರೂ ಒಳಗಿರುವುದು ಹಳೆಯದೇ. ಯಾಕೆ ಅಂತ ಮೇಷ್ಟ್ರು ಕೇಳಿದರೆ ಹೇಳಲು ಒಂದು ಸರಿಯಾದ ಕಾರಣ ಹುಡುಕುತ್ತಿದ್ದೇನೆ.

ಜುಲೈ 13, ಭಾನುವಾರ

ಮೇಷ್ಟ್ರು ಬಂದರು. ಸುಮಾರು ಹೊತ್ತು ನೋಡಿದರು.

"ಹೊಸದರ ಹಾಗೆ ಕಾಣಲ್ವಲ್ಲ ಸಾರ್."

ಪ್ರಿಂಟ್ ಅಂಟಿಸಿದ ತಗಡನ್ನೂ ಮುಂದಿಟ್ಟೆ. ಎರಡೂ ಸರಿಯಾಗೇ ಓದುತ್ತವೆ, ಬೇಕಾದ್ದು ಹಾಕಿಕೊಡುತ್ತೇನೆ ಅಂದೆ. ಪ್ರಿಂಟ್ ಎತ್ತಿಕೊಂಡು ಬೆಳಕಿಗೆ ಹಿಡಿದರು. ಮೀಟರ್ ನೋಡಿದರು. ನಾನು ಏನೂ ಹೇಳಲಿಲ್ಲ. ಇವಳು ಕಾಫಿ ತಂದಳು.

"ಇದು ಬೀರುವಿನ ಗಾಜಿಗೆ ಅಂಟಿಸ್ತೀನಿ, ಹುಡುಗರು ಇದನ್ನ ನೋಡ್ಲಿ. ಮೀಟರ್ ಹೀಗೇ ಇರ್ಲಿ ಬಿಡಿ" ಅಂದರು. ಮನಸ್ಸಿನಿಂದ ಅಂದರೋ, ನನ್ನ ಮುಖ ನೋಡಿ ಅಂದರೋ.

ತಳಕ್ಕೆ ಚೀಟಿ ಅಂಟಿಸಿ ಕಳಿಸಿದೆ: ಡಯಲ್ ಮೂಲದ್ದು. 40ರ 4, 70ರ 7, ಓಮ್ಸ್ ಸ್ಕೇಲಿನ ಎಡತುದಿಯ ಗೀಟುಗಳು ತಿದ್ದಿದವು, ನೀರಿಗೆ ಅಳಿಯುತ್ತವೆ, ಸ್ಪಿರಿಟ್ ತಾಗಿಸಬಾರದು. ಡಿಸಿ 10 ವೋಲ್ಟ್ ರೇಂಜ್ ಪರೀಕ್ಷಿಸಿದೆ. ಮೇಲಿನ ಓಮ್ಸ್ ರೇಂಜ್ ಸದ್ಯಕ್ಕೆ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದ 15 ವೋಲ್ಟ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತಿಲ್ಲ, 3 ವೋಲ್ಟಿನ ಐದು ಬಟನ್ ಸೆಲ್ ಸಾಲಾಗಿ ಜೋಡಿಸಿ ಹಾಕಿಕೊಳ್ಳಬಹುದು.